ಅಲ್ಯೂಮಿನಿಯಂ ಬೆಸುಗೆ: ಪೆಟ್ಟಿಗೆಯ ಮೇಲಿನ ಚಿತ್ರ ನಂಬಿ ಯಂತ್ರ ಕೊಳ್ಳಬೇಡಿ

ಮಾನ್ಯ ಸಂಪಾದಕರೆ,

ಆಯುಧಪೂಜೆ ಹತ್ತಿರವಾದಂತೆ ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶಗಳಲ್ಲಿ ಹೊಸ ಯಂತ್ರ ಕೊಳ್ಳುವವರ ಓಡಾಟ ಹೆಚ್ಚುತ್ತದೆ. ಐಟಿಐಯಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿ ಮುಗಿಸಿ, ಒಂದೆರಡು ವರ್ಷ ಯಾರದೋ ಶೆಡ್ಡಿನಲ್ಲಿ ದುಡಿದು, ಕೂಡಿಟ್ಟ ಹಣಕ್ಕೆ ಒಂದಿಷ್ಟು ಸಾಲವನ್ನೂ ಸೇರಿಸಿ ಸ್ವಂತ ಕೆಲಸ ಆರಂಭಿಸಬೇಕೆನ್ನುವ ಹುಡುಗರು ಈ ದಿನಗಳಲ್ಲೇ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಅವರಲ್ಲಿ ಅನೇಕರ ಮನಸ್ಸಿನಲ್ಲಿರುವುದು ಜನರು ‘ಆರ್ಗಾನ್ ವೆಲ್ಡಿಂಗ್’ ಎಂದು ಕರೆಯುವ ಟಿಗ್ ಬೆಸುಗೆ (ಟಂಗ್‌ಸ್ಟನ್ ರಾಡಿನ ತುದಿಯಲ್ಲಿ ಹೊತ್ತುವ ಆರ್ಕ್ ಎಂಬ ವಿದ್ಯುತ್ ಜ್ವಾಲೆಯಿಂದ, ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಲೋಹ ಕರಗಿಸಿ ಕೂಡಿಸುವ ವಿಧಾನ), ಅದರಲ್ಲೂ ಅಲ್ಯೂಮಿನಿಯಂ ಬೆಸುಗೆ. ಗೇಟು, ಗ್ರಿಲ್ಲು ಮಾಡುವವರು ಓಣಿಗೊಬ್ಬರಿದ್ದಾರೆ. ಬೈಕಿನ ಒಡೆದ ಕ್ರ್ಯಾಂಕ್‌ಕೇಸನ್ನೋ, ಸೋರುವ ಹಾಲಿನ ಕ್ಯಾನನ್ನೋ, ಬಿರುಕುಬಿಟ್ಟ ರೇಡಿಯೇಟರನ್ನೋ ಸರಿಮಾಡಿಕೊಡುವವರು ವಿರಳ. ಹೀಗಾಗಿ ಈ ಆಸೆ ತಪ್ಪಲ್ಲ. ಆದರೆ ಕಡಿಮೆ ಬಂಡವಾಳದಲ್ಲಿ ಈ ಕೆಲಸಕ್ಕೆ ಇಳಿಯುವವರು ಮೊದಲ ಹೆಜ್ಜೆಯಲ್ಲೇ ಎಡವುತ್ತಿರುವುದನ್ನು ಹಲವು ವರ್ಷಗಳಿಂದ ನೋಡುತ್ತಿರುವ ನಾನು, ಒಬ್ಬ ಸಾಮಾನ್ಯ ಬೆಸುಗೆಗಾರನಾಗಿ, ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಕಳೆದ ತಿಂಗಳು ಅಂಥ ಒಬ್ಬ ಹುಡುಗ ತನ್ನ ಹೊಸ ಯಂತ್ರವನ್ನು ಬೈಕಿನ ಹಿಂದೆ ಕಟ್ಟಿಕೊಂಡು ನಮ್ಮ ಶೆಡ್ಡಿಗೆ ಬಂದಿದ್ದ. ‘ಕಾಕಾ, ಎಂ.ಎಸ್. ಕೂಡ್ತೈತಿ, ಎಸ್.ಎಸ್. ಕೂಡ್ತೈತಿ, ಅಲ್ಯೂಮಿನಿಯಂ ಅಷ್ಟೇ ಕೂಡವಲ್ದು’ ಎಂಬುದು ಅವನ ದೂರು (ಎಂ.ಎಸ್. ಎಂದರೆ ಸಾದಾ ಉಕ್ಕು, ಎಸ್.ಎಸ್. ಎಂದರೆ ಸ್ಟೇನ್‌ಲೆಸ್ ಸ್ಟೀಲ್). ತನ್ನ ಕೈಯಲ್ಲೇ ದೋಷವಿದೆಯೆಂದು ಅವನು ನಂಬಿಬಿಟ್ಟಿದ್ದ. ನಾನು ಯಂತ್ರವನ್ನು ಚಾಲೂ ಮಾಡುವ ಗೋಜಿಗೇ ಹೋಗಲಿಲ್ಲ. ತಿರುಗಿಸಿ ಹಿಂಬದಿಯ ಫಲಕವನ್ನು ಓದಿದೆ. ಅದು ಡಿಸಿ ಯಂತ್ರ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನಷ್ಟೇ ಕೊಡುವಂಥದು; ಅಲ್ಯೂಮಿನಿಯಂಗೆ ಬೇಕಾದದ್ದು ದಿಕ್ಕು ಬದಲಿಸುತ್ತಲೇ ಇರುವ ಎಸಿ. ಅದರ ಪೆಟ್ಟಿಗೆಯ ಮೇಲೆ ಮಾತ್ರ ಹೊಳೆಯುವ ಅಲಾಯ್ ಚಕ್ರದ ಚಿತ್ರವಿತ್ತು.

ಅವನನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ. 12 ವರ್ಷಗಳ ಹಿಂದೆ ನಾನೂ 16,000 ರೂಪಾಯಿ ಕೊಟ್ಟು ಇಂಥದೇ ಯಂತ್ರವನ್ನು ಮನೆಗೆ ತಂದವನು. ‘ಇದರಲ್ಲಿ ಅಲ್ಯೂಮಿನಿಯಂ ಆಗುತ್ತದೆಯೇ, ಅದಕ್ಕೆ ಎಸಿ ಬೇಕಂತಲ್ಲ’ ಎಂದು ನಾನು ಕೇಳಿದ್ದಕ್ಕೆ ಮಾರಾಟಗಾರರು ಫಲಕದ ಮೇಲಿದ್ದ ‘ಎಸಿ 230 ವೋಲ್ಟ್’ ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ್ದರು. ಅದು ಗೋಡೆಯ ಸಾಕೆಟ್ಟಿನಿಂದ ಯಂತ್ರದೊಳಕ್ಕೆ ಹೋಗುವ ಕರೆಂಟು. ಬೆಸುಗೆಗಾರ ಕೈಯಲ್ಲಿ ಹಿಡಿಯುವ ಟಾರ್ಚಿನ ತುದಿಗೆ ಬರುವ ಕರೆಂಟು ಯಾವುದು ಎಂಬುದನ್ನು ಹೇಳುವ ಸಾಲು ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿತ್ತು. ಮಾರಿದವರಿಗೆ ವ್ಯತ್ಯಾಸ ಗೊತ್ತಿತ್ತೋ ಇಲ್ಲವೋ ಹೇಳಲಾರೆ, ನನಗಂತೂ ಗೊತ್ತಿರಲಿಲ್ಲ.

ಈ ವ್ಯತ್ಯಾಸವೇಕೆ ಇಷ್ಟು ಮುಖ್ಯ ಎಂಬುದನ್ನು ವಿವರಿಸಲು ಬೆಳಗಾವಿಯವರಾದ ನಾವು ದೂರ ಹೋಗಬೇಕಾಗಿಲ್ಲ. ನಮ್ಮೂರಿನ ಅಂಚಿನ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ತೆಗೆಯುವ ಬಿಳಿಯ ಪುಡಿ, ಅಂದರೆ ಅಲ್ಯೂಮಿನಾ, ಅಲ್ಯೂಮಿನಿಯಂನ ಆಕ್ಸೈಡೇ ಹೊರತು ಬೇರೇನಲ್ಲ. ಅದೇ ವಸ್ತು ಪ್ರತಿಯೊಂದು ಅಲ್ಯೂಮಿನಿಯಂ ತುಂಡಿನ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಕೂತಿರುತ್ತದೆ. ಉಜ್ಜಿ ತೆಗೆದರೂ ಗಾಳಿ ತಗುಲಿದೊಡನೆ ಮತ್ತೆ ಹುಟ್ಟುತ್ತದೆ. ಒಳಗಿನ ಲೋಹ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಮೇಲಿನ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಡಿಸಿ ಯಂತ್ರದಲ್ಲಿ ಉಕ್ಕಿಗೆ ಹಚ್ಚುವಂತೆ ಆರ್ಕ್ ಹಚ್ಚಿದಾಗ ಆಗುವುದೇನೆಂದರೆ, ಒಳಗಿನ ಲೋಹ ನೀರಾಗುತ್ತದೆ, ಆದರೆ ಕೆನೆಗಟ್ಟಿದ ಹಾಲಿನಂತೆ ಮೇಲಿನ ಪದರ ಹಾಗೆಯೇ ಉಳಿಯುತ್ತದೆ; ಎರಡು ತುಂಡುಗಳು ಅಕ್ಕಪಕ್ಕದಲ್ಲೇ ಕರಗಿದರೂ ಒಂದರೊಳಗೊಂದು ಬೆರೆಯುವುದಿಲ್ಲ, ಸಂದು ತುಂಬಲು ಕರಗಿಸುವ ಫಿಲ್ಲರ್ ರಾಡು ಮೇಲೆ ಮುದ್ದೆಯಾಗಿ ಕೂರುತ್ತದೆ, ಇನ್ನಷ್ಟು ಕಾಯಿಸಿದರೆ ಇಡೀ ಜಾಗವೇ ಕುಸಿದು ತೂತಾಗುತ್ತದೆ. ಆ ಹುಡುಗ ತಂದಿದ್ದ ಮಾದರಿ ತುಂಡುಗಳ ಮೇಲೆ ಇದೇ ಕಥೆ ಬರೆದಿತ್ತು.

ಲೋಹ ತಯಾರಿಸುವ ಕಾರ್ಖಾನೆಗಳೂ ಈ ಪುಡಿಯನ್ನು ನೇರವಾಗಿ ಕರಗಿಸುವ ಸಾಹಸಕ್ಕೆ ಹೋಗುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. 1886ರಲ್ಲಿ ಹಾಲ್ ಮತ್ತು ಹೆರೂ ಎಂಬಿಬ್ಬರು ಬೇರೆಬೇರೆಯಾಗಿ ಕಂಡುಕೊಂಡ ವಿಧಾನದಲ್ಲಿ ಅಲ್ಯೂಮಿನಾವನ್ನು ಕರಗಿದ ಕ್ರಯೋಲೈಟ್ ಎಂಬ ಲವಣದಲ್ಲಿ ಲೀನವಾಗಿಸಿ, ಕರೆಂಟು ಹರಿಸಿ ಒಡೆಯುತ್ತಾರೆ. ನಮ್ಮ ಹಿರಿಯ ಬೆಸುಗೆಗಾರರು ಗ್ಯಾಸ್ ಟಾರ್ಚಿನಿಂದ ಅಲ್ಯೂಮಿನಿಯಂ ಕೂಡಿಸುವಾಗ ಬಳಸುತ್ತಿದ್ದ ಫ್ಲಕ್ಸ್ ಪುಡಿಯ ಕೆಲಸವೂ ಅದೇ: ಕ್ಲೋರೈಡ್ ಮತ್ತು ಫ್ಲೋರೈಡ್ ಲವಣಗಳು ಪೊರೆಯನ್ನು ನುಂಗಿಹಾಕುತ್ತವೆ. ಟಿಗ್ ಬೆಸುಗೆಯಲ್ಲಿ ಈ ಕೆಲಸವನ್ನು ಕರೆಂಟೇ ಮಾಡುತ್ತದೆ. ಎಸಿ ಪ್ರವಾಹದಲ್ಲಿ ಟಂಗ್‌ಸ್ಟನ್ ಧನಧ್ರುವವಾಗಿರುವ ಅರ್ಧ ಆವರ್ತದಲ್ಲಿ ಪೊರೆ ಒಡೆದು ಚದುರುತ್ತದೆ, ಋಣಧ್ರುವವಾಗಿರುವ ಇನ್ನರ್ಧದಲ್ಲಿ ಶಾಖ ಲೋಹದೊಳಕ್ಕೆ ಇಳಿಯುತ್ತದೆ. 50 ಹರ್ಟ್ಸ್‌ನಲ್ಲಿ ನಡೆದರೂ ಈ ಒಡೆತ ಮತ್ತು ಕರಗುವಿಕೆ ಸೆಕೆಂಡಿಗೆ 50 ಬಾರಿ ನಡೆದುಹೋಗುತ್ತದೆ. ಬೆಸುಗೆಯ ಇಕ್ಕೆಲಗಳಲ್ಲಿ ಕಾಣುವ ಮಂಜಿನಂಥ ಬಿಳಿಯ ಅಂಚು ಈ ಶುದ್ಧೀಕರಣದ ಗುರುತು.

‘ಹಾಗಾದರೆ ಡಿಸಿ ಯಂತ್ರದಲ್ಲೇ ತಂತಿಗಳನ್ನು ಅದಲುಬದಲು ಮಾಡಿ ಟಾರ್ಚನ್ನು ಧನಧ್ರುವಕ್ಕೆ ಕೊಟ್ಟರಾಯಿತಲ್ಲ’ ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ, ನನಗೂ ಹೊಳೆದಿತ್ತು. ಪೊರೆಯೇನೋ ಒಡೆಯುತ್ತದೆ. ಆದರೆ ಆಗ ಆರ್ಕಿನ ಶಾಖದ ಬಹುಪಾಲು ಟಂಗ್‌ಸ್ಟನ್ನಿಗೇ ಬೀಳುವುದರಿಂದ, ಉಕ್ಕಿನ ಕೆಲಸದಲ್ಲಿ 200 ಆಂಪಿಯರನ್ನು ಸಲೀಸಾಗಿ ತಾಳುವ 2.4 ಮಿ.ಮೀ. ರಾಡು 30 ಆಂಪಿಯರಿಗೇ ಗುಂಡಾಗಿ ಊದಿಕೊಂಡು, ಕಡೆಗೆ ಕೆಲಸದ ಮೇಲೆಯೇ ತೊಟ್ಟಿಕ್ಕುತ್ತದೆ. ಹೀಲಿಯಂ ಅನಿಲದೊಂದಿಗೆ ಡಿಸಿಯಲ್ಲೇ ದಪ್ಪ ಅಲ್ಯೂಮಿನಿಯಂ ಬೆಸೆಯುವ ಕ್ರಮ ದೊಡ್ಡ ಕಾರ್ಖಾನೆಗಳಲ್ಲಿ ಇದೆಯಾದರೂ ಹೀಲಿಯಂನ ಬೆಲೆ ನಮ್ಮಂಥವರ ಮಾತಲ್ಲ. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್ರಪ್ ವಿಮಾನ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಈ ವಿದ್ಯೆಯನ್ನು ಮ್ಯಾಗ್ನೀಸಿಯಂಗಾಗಿ ರೂಪಿಸಿದ್ದು ಹೀಲಿಯಂ ಮತ್ತು ಡಿಸಿಯಿಂದಲೇ. ಅಲ್ಯೂಮಿನಿಯಂ ಪಳಗಿದ್ದು ಎಸಿ ಬಂದ ಮೇಲೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ: ಹಣ ಕಡಿಮೆಯಿದ್ದರೆ ಬೇರೆ ಎಲ್ಲದರಲ್ಲೂ ಉಳಿಸಿ, ಎಸಿ ಹೊರಹರಿವಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಯಂತ್ರದ ಮೇಲೆ ‘ಎಚ್‌ಎಫ್’ ಎಂದಿದ್ದರೆ ಅದು ಆರ್ಕ್ ಮುಟ್ಟದೆ ಹೊತ್ತಿಕೊಳ್ಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ‘ಪಲ್ಸ್’ ಎಂದಿದ್ದರೆ ಡಿಸಿ ಕರೆಂಟು ಏರಿಳಿಯುತ್ತದೆ ಎಂದಷ್ಟೇ ಅರ್ಥ. ಮುಂಭಾಗದಲ್ಲಿ ಎಸಿ ಮತ್ತು ಡಿಸಿ ನಡುವೆ ಬದಲಾಯಿಸುವ ಸ್ವಿಚ್ಚೋ, ಧನ, ಋಣ ಅರ್ಧಗಳ ಪಾಲನ್ನು ಹೊಂದಿಸುವ ‘ಎಸಿ ಬ್ಯಾಲೆನ್ಸ್’ ಎಂಬ ಗುಂಡಿಯೋ ಇರಲೇಬೇಕು. ಅದಕ್ಕಿಂತ ಭದ್ರವಾದ ಪರೀಕ್ಷೆ ಬೇಕೆಂದರೆ ಅಂಗಡಿಗೆ ಹೋಗುವಾಗ ಚೀಲದಲ್ಲಿ ಎರಡು ಅಲ್ಯೂಮಿನಿಯಂ ತುಂಡು ಹಾಕಿಕೊಂಡು ಹೋಗಿ, ‘ಇವನ್ನು ಕೂಡಿಸಿ ತೋರಿಸಿ, ಹಣ ಎಣಿಸುತ್ತೇನೆ’ ಎನ್ನಿ.

ಯಂತ್ರದ ಗಾತ್ರದ ವಿಷಯಕ್ಕೆ ಬಂದರೆ, ಅಲ್ಯೂಮಿನಿಯಂ ಶಾಖವನ್ನು ಉಕ್ಕಿಗಿಂತ ನಾಲ್ಕೈದು ಪಟ್ಟು ವೇಗವಾಗಿ ಹರಿಯಬಿಡುವ ಲೋಹ. ನೀವು ಒಂದು ಮೂಲೆಯಲ್ಲಿ ಸುರಿದ ಶಾಖವನ್ನು ಅದು ಇಡೀ ಮೈಗೆ ಹಂಚಿಬಿಡುತ್ತದೆ. ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬುದು ನಮ್ಮಲ್ಲಿ ನಡೆದುಬಂದ ಲೆಕ್ಕ. ಹೀಗೆ 3 ಮಿ.ಮೀ. ದಪ್ಪದ ಎಂಜಿನ್ ಕವರಿಗೆ 120 ಆಂಪಿಯರ್ ಬೇಕು, 200 ಆಂಪಿಯರಿನ ಯಂತ್ರ 5 ಮಿ.ಮೀ. ಹೊತ್ತಿಗೆ ದಣಿಯುತ್ತದೆ. ಅದಕ್ಕಿಂತ ದಪ್ಪದ ತುಂಡು ಬಂದರೆ ಎಲ್‌ಪಿಜಿ ಬರ್ನರಿನಿಂದ ಮೊದಲೇ ಕಾಯಿಸಿಕೊಂಡು ಒಂದಿಷ್ಟು ದಾರಿ ಸವೆಸಬಹುದು, ಆದರೆ ಮಿಶ್ರಲೋಹದ ಬಲ ಹಾಳಾಗದಂತೆ 120 ಡಿಗ್ರಿಯ ಒಳಗೇ ನಿಲ್ಲಿಸಬೇಕು. ರಿಪೇರಿ ಕೆಲಸಕ್ಕೆ 200 ಆಂಪಿಯರಿನ ಎಸಿ-ಡಿಸಿ ಇನ್ವರ್ಟರ್ (ಎಲೆಕ್ಟ್ರಾನಿಕ್ ಬಗೆಯ ಹಗುರ ಬೆಸುಗೆ ಯಂತ್ರ) ಸಾಕು ಎಂಬುದು ನನ್ನ ಅನುಭವ. 35% ಡ್ಯೂಟಿ ಸೈಕಲ್ ಎಂದು ಬರೆದಿರುವ ಯಂತ್ರ ಪೂರ್ಣ ಕರೆಂಟಿನಲ್ಲಿ 10 ನಿಮಿಷಕ್ಕೆ ಮೂರೂವರೆ ನಿಮಿಷವಷ್ಟೇ ದುಡಿಯುತ್ತದೆ. ದಿನವಿಡೀ ಟ್ಯಾಂಕುಗಳನ್ನು ಬೆಸೆಯುವ ಕಾರ್ಖಾನೆಗೆ ಇದು ಸಾಲದು, ಎರಡಿಂಚು ಬೆಸೆದು ಎದ್ದುನಿಂತು ನೋಡುವ ನಮಗೆ ಇದರಿಂದ ಅಡ್ಡಿಯಿಲ್ಲ.

ಮನೆಯ ಪಕ್ಕದ ಶೆಡ್ಡಿನಲ್ಲಿ ಕೆಲಸ ಹೂಡುವವರು ಮರೆಯುವ ಇನ್ನೊಂದು ಖರ್ಚು ವಿದ್ಯುತ್ ಸಂಪರ್ಕದ್ದು. ಈ ಯಂತ್ರ ಪೂರ್ಣ ಹೊರೆಯಲ್ಲಿ ಸಿಂಗಲ್ ಫೇಸಿನಿಂದ ಸುಮಾರು 25 ಆಂಪಿಯರ್ ಎಳೆಯುತ್ತದೆ. ಮನೆಯ 16 ಆಂಪಿಯರ್ ಸಾಕೆಟ್ಟು ಅದಕ್ಕೆ ಹೇಳಿ ಮಾಡಿಸಿದ್ದಲ್ಲ. ಮೀಟರಿನಿಂದಲೇ ಬೇರೆ ದಪ್ಪ ತಂತಿ, ಬೇರೆ ಎಂಸಿಬಿ ಮತ್ತು ಸರಿಯಾದ ಅರ್ಥಿಂಗ್ ಹಾಕಿಸಿ, ಮಂಜೂರಾದ ಹೊರೆಯನ್ನೂ ಸರಿಪಡಿಸಿಕೊಂಡ ನಂತರವೇ ಸ್ವಿಚ್ ಒತ್ತುವುದು ಒಳ್ಳೆಯದು.

ಇನ್ನು ಎಲ್ಲಿ ಉಳಿಸಬಹುದು? ಇನ್ವರ್ಟರ್ ಯಂತ್ರಗಳಲ್ಲಿ ಆವರ್ತಸಂಖ್ಯೆಯನ್ನು 50ರಿಂದ 200 ಹರ್ಟ್ಸ್‌ವರೆಗೆ ಬದಲಿಸುವ, ಹತ್ತಾರು ತರಂಗರೂಪಗಳನ್ನು ಆಯುವ, ಬಣ್ಣದ ಪರದೆಯಲ್ಲಿ ಎಲ್ಲವನ್ನೂ ತೋರಿಸುವ ಸೌಲಭ್ಯಗಳಿಗೆಲ್ಲ ಪ್ರತ್ಯೇಕ ಬೆಲೆಯಿದೆ. ಅವಿಲ್ಲದೆಯೂ ಕೆಲಸ ಸಾಗುತ್ತದೆ. ಬ್ಯಾಲೆನ್ಸ್ ಒಂದು ಕೈಗೆ ಸಿಕ್ಕರೆ, ಋಣಧ್ರುವದ ಪಾಲನ್ನು 70%ರ ಆಸುಪಾಸಿಗೆ ಇಟ್ಟು ವರ್ಷಗಟ್ಟಲೆ ದುಡಿಯಬಹುದು. ಆದರೆ ಕಾಲಿನ ಪೆಡಲ್‌ಗೆ ಹಣ ಹಾಕಿ ಎಂದೇ ಹೇಳುತ್ತೇನೆ. ಅಲ್ಯೂಮಿನಿಯಂ ಬೆಸುಗೆಯಲ್ಲಿ ಆರಂಭದಲ್ಲಿ ಹೆಚ್ಚು ಕರೆಂಟು ಬೇಕು, ತುಂಡು ಕಾಯುತ್ತ ಹೋದಂತೆ ಅದನ್ನು ಇಳಿಸುತ್ತ ಬರಬೇಕು, ಕೊನೆಯಲ್ಲಿ ಮೆಲ್ಲನೆ ಆರಿಸಬೇಕು. ತಟಕ್ಕನೆ ಆರಿಸಿದರೆ ಕೊನೆಯ ಗುಳಿಯಲ್ಲಿ ನಕ್ಷತ್ರದಾಕಾರದ ಬಿರುಕು ಮೂಡಿ ಅಲ್ಲಿಂದಲೇ ಸೋರಿಕೆ ಶುರುವಾಗುತ್ತದೆ. ಗುಂಡಿ ತಿರುಗಿಸಲು ಮೂರನೆಯ ಕೈ ನಮಗಿಲ್ಲದ್ದರಿಂದ ಪಾದವೇ ಆ ಕೆಲಸ ಮಾಡಬೇಕು.

ಟಾರ್ಚಿನ ಬಗ್ಗೆ ಒಂದು ಮಾತು. ಯಂತ್ರದ ಜೊತೆ ಬರುವ ಗಾಳಿಯಿಂದ ತಂಪಾಗುವ 17ನೇ ನಂಬರಿನ ಟಾರ್ಚು ಡಿಸಿಯಲ್ಲಿ 150 ಆಂಪಿಯರಿಗೆ, ಎಸಿಯಲ್ಲಿ ಅದಕ್ಕೂ ಕಡಿಮೆಗೆ ತಯಾರಾದದ್ದು. ಅಲ್ಯೂಮಿನಿಯಂ ಕೆಲಸದಲ್ಲಿ ಅದರ ಹಿಡಿ ಕೆಲವೇ ನಿಮಿಷಗಳಲ್ಲಿ ಕೈಸುಡುತ್ತದೆ. 26ನೇ ನಂಬರು ಸ್ವಲ್ಪ ಮೇಲು. ನೀರಿನಿಂದ ತಂಪಾಗುವ ಟಾರ್ಚಿಗೆ ಕಂಪನಿಯ ಕೂಲರ್ ಕೊಳ್ಳಲಾಗದೆ ನಾನು ಒಂದು ಪ್ಲಾಸ್ಟಿಕ್ ಡ್ರಮ್ಮು ಮತ್ತು ಏರ್ ಕೂಲರಿನ ಸಣ್ಣ ಪಂಪಿನಿಂದ ಮೂರು ವರ್ಷ ಕೆಲಸ ನಡೆಸಿದ್ದೇನೆ. ನೀರು ನಿಂತದ್ದು ತಿಳಿಯದೆ ಒಮ್ಮೆ ಟಾರ್ಚನ್ನೇ ಸುಟ್ಟುಕೊಂಡದ್ದೂ ಉಂಟು, ಆದ್ದರಿಂದ ಮರಳುವ ನೀರು ಡ್ರಮ್ಮಿನೊಳಗೆ ಕಣ್ಣಿಗೆ ಕಾಣುವಂತೆ ಬೀಳುವ ವ್ಯವಸ್ಥೆ ಮಾಡಿಕೊಳ್ಳುವುದು ಲೇಸು.

ಆರ್ಗಾನ್ ಅನಿಲದಲ್ಲಿ ಕಂಜೂಸುತನ ಸಲ್ಲದು, ಆದರೆ ದುಂದು ತಡೆಯಬಹುದು. ತಂತಿಯೇ ಕರಗುತ್ತ ಹೋಗುವ ಮಿಗ್ ಬೆಸುಗೆಗೆ ಬಳಸುವ, ಇಂಗಾಲದ ಡೈಆಕ್ಸೈಡ್ ಬೆರೆಸಿದ ಅನಿಲ ಅಗ್ಗವಾಗಿ ಸಿಕ್ಕಿತೆಂದು ಅದನ್ನು ಜೋಡಿಸಿದರೆ ಟಂಗ್‌ಸ್ಟನ್ ಒಂದೇ ಕ್ಷಣದಲ್ಲಿ ಕಪ್ಪಾಗಿ ಬೂದಿಯಾಗುತ್ತದೆ. ಶುದ್ಧ ಆರ್ಗಾನ್ ಅಲ್ಲದೆ ಬೇರೆ ದಾರಿಯಿಲ್ಲ. 47 ಲೀಟರ್ ಗಾತ್ರದ ದೊಡ್ಡ ಸಿಲಿಂಡರಿನಲ್ಲಿ 150 ಬಾರ್ ಒತ್ತಡಕ್ಕೆ ಸುಮಾರು 7,000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಹರಿಸಿದರೆ ಅದು ಹನ್ನೊಂದೂವರೆ ಗಂಟೆ ಉರಿಯುವ ಆರ್ಕಿಗೆ ಸಾಕು, ಮತ್ತು ರಿಪೇರಿ ಅಂಗಡಿಯಲ್ಲಿ ಅಷ್ಟು ಹೊತ್ತು ಆರ್ಕ್ ಉರಿಯಲು ವಾರಗಳೇ ಹಿಡಿಯುತ್ತವೆ. ಒಯ್ಯಲು ಸುಲಭವೆಂದು 10 ಲೀಟರಿನ ಸಣ್ಣ ಸಿಲಿಂಡರ್ ತಂದವರು ಎರಡೂವರೆ ಗಂಟೆಗೊಮ್ಮೆ ತುಂಬಿಸಲು ಓಡಾಡಿ ಬಾಡಿಗೆಯಲ್ಲೇ ಸೋಲುತ್ತಾರೆ. ಹರಿವನ್ನು 20 ಲೀಟರಿಗೆ ಏರಿಸಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಅನಿಲ ಸುಳಿಯಾಗಿ ತಿರುಗಿ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಫ್ಯಾನು ನಿಲ್ಲಿಸುವುದು, ಬಾಗಿಲಿನ ಗಾಳಿಗೆ ತಟ್ಟಿ ಕಟ್ಟುವುದು, ಪೈಪಿನ ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ನೋಡುವುದು, ಇವಕ್ಕೆ ಖರ್ಚೇ ಇಲ್ಲ. ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ನಿಲ್ಲಿಸುವುದನ್ನು ಮಾತ್ರ ಯಾರೂ ನಾಳೆಗೆ ಮುಂದೂಡಬಾರದು. ಗಾಳಿಗಿಂತ ಭಾರವಾದ ಈ ಅನಿಲ ತಗ್ಗಿನಲ್ಲಿ, ಟ್ಯಾಂಕಿನೊಳಗೆ ತುಂಬಿಕೊಂಡು ವಾಸನೆಯಿಲ್ಲದೆಯೇ ಉಸಿರು ಕಟ್ಟಿಸುತ್ತದೆ.

ಟಂಗ್‌ಸ್ಟನ್ ರಾಡಿನ ವಿಷಯದಲ್ಲಿ ನಮ್ಮ ಅಂಗಡಿಗಳು ಇನ್ನೂ ಕೆಂಪು ತುದಿಯದನ್ನೇ ಕೈಗಿಡುತ್ತವೆ. ಅದರಲ್ಲಿ ಥೋರಿಯಂ ಇರುತ್ತದೆ. ಅದು ವಿಕಿರಣಶೀಲ, ಕಲ್ಲಿಗೆ ಹಿಡಿದು ಮೊನೆ ಮಾಡುವಾಗ ಏಳುವ ದೂಳು ಶ್ವಾಸಕೋಶಕ್ಕೆ ಹೋಗಬಾರದಂಥದು. ಲ್ಯಾಂಥನಂ ಬೆರೆತ ನೀಲಿ ತುದಿಯ ರಾಡು ಇನ್ವರ್ಟರ್ ಎಸಿಗೂ ಡಿಸಿಗೂ ಚೆನ್ನಾಗಿ ಒದಗುತ್ತದೆ. ಹಸಿರು ತುದಿಯ ಶುದ್ಧ ಟಂಗ್‌ಸ್ಟನ್ ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರಗಳ ಸಂಗಾತಿ.

ಫಿಲ್ಲರ್ ರಾಡಿನಲ್ಲಿ ಹಣ ಉಳಿಸಲು ಹೋಗಿ ಕೆಲಸ ಕೆಡಿಸಿಕೊಂಡವರನ್ನು ನಾನು ಅತಿ ಹೆಚ್ಚು ನೋಡಿದ್ದೇನೆ. ಕಿಟಕಿ, ಬಾಗಿಲುಗಳ ಸೆಕ್ಷನ್ನುಗಳು 6063 ಎಂಬ ಮಿಶ್ರಲೋಹದವು. ಅದರ ತುಣುಕನ್ನೇ ಕತ್ತರಿಸಿ ರಾಡಾಗಿ ಬಳಸಿದರೆ, ಅಥವಾ ರಾಡೇ ಇಲ್ಲದೆ ಅಂಚುಗಳನ್ನು ಕರಗಿಸಿ ಕೂಡಿಸಿದರೆ, ಬೆಸುಗೆ ಆರುತ್ತಿರುವಾಗಲೇ ನಡುಮಧ್ಯೆ ಉದ್ದಕ್ಕೂ ಸೀಳುತ್ತದೆ. ಇದು ಕೈಯ ದೋಷವಲ್ಲ, ಆ ಲೋಹದ ಗುಣ. 5% ಸಿಲಿಕಾನ್ ಇರುವ 4043 ರಾಡು ಬೆರೆತಾಗ ಆ ಸೀಳುವ ಚಾಳಿ ನಿಲ್ಲುತ್ತದೆ. ಎರಕದ ಭಾಗಗಳಿಗೂ ಅದು ಒಗ್ಗುತ್ತದೆ. 5% ಮ್ಯಾಗ್ನೀಸಿಯಂ ಇರುವ 5356 ಹೆಚ್ಚು ಗಟ್ಟಿ, ಮುಂದೆ ಅನೋಡೈಸ್ (ವಿದ್ಯುತ್ತಿನಿಂದ ಮೇಲ್ಮೈಗೆ ರಕ್ಷಣಾ ಪದರ ಕಟ್ಟಿಸುವುದು) ಮಾಡಿಸುವ ಕೆಲಸಕ್ಕೆ ಬಣ್ಣವೂ ಹೊಂದುತ್ತದೆ. 4043ರ ಬೆಸುಗೆ ಅಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ಆದರೆ ಸದಾ ಬಿಸಿಯಾಗಿರುವ ಎಂಜಿನ್ ಭಾಗಗಳಿಗೆ 5356 ಬಳಸಬಾರದು. ಈ ಎರಡು ಬಗೆಯ ರಾಡುಗಳು ಒಂದೊಂದು ಕಿಲೋ ಇದ್ದರೆ ಹೊಸಬರಿಗೆ ಬಹುಕಾಲ ಸಾಕು, ಕಾಗದದಲ್ಲಿ ಸುತ್ತಿ ಒಣ ಜಾಗದಲ್ಲಿಟ್ಟರೆ ಇನ್ನೂ ಒಳ್ಳೆಯದು.

ಶುಚಿತ್ವಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಮೊದಲು ಅಸಿಟೋನಿನಿಂದ ಜಿಡ್ಡು ಒರೆಸಿ, ಆಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಬ್ರಶ್ಶಿನಿಂದ ಉಜ್ಜಬೇಕು. ಈ ಕ್ರಮ ತಲೆಕೆಳಗಾದರೆ ಬ್ರಶ್ಶು ಜಿಡ್ಡನ್ನು ಲೋಹದ ಗೀರುಗಳೊಳಗೆ ತುರುಕುತ್ತದೆ. ಆ ಬ್ರಶ್ಶನ್ನು ಅಲ್ಯೂಮಿನಿಯಂಗೆಂದೇ ಮೀಸಲಿಟ್ಟು, ಕಬ್ಬಿಣಕ್ಕೆ ತಾಗಿಸದಂತೆ ಬೇರೆ ಮೊಳೆಗೆ ನೇತುಹಾಕಬೇಕು. ಎಣ್ಣೆ ಕುಡಿದ ಹಳೆಯ ಎಂಜಿನ್ ಎರಕವಾದರೆ ಕಾಯಿಸಿ, ಬೆವರಿದ ಎಣ್ಣೆ ಒರೆಸಿ, ಬಿರುಕನ್ನು ವಿ ಆಕಾರಕ್ಕೆ ಕೊರೆದು, ಮತ್ತೆ ಕಾಯಿಸಿ ಒರೆಸಬೇಕು. ಒಂದು ಗಂಟೆ ಶುಚಿಗೊಳಿಸಿ ಐದು ನಿಮಿಷ ಬೆಸೆಯುವ ಕೆಲಸಕ್ಕೆ ಗಿರಾಕಿಗಳು ಐದು ನಿಮಿಷದ ಹಣ ಕೊಡಲು ನೋಡುತ್ತಾರೆ ಎಂಬುದು ಬೇರೆ ಮಾತು. ಗ್ಯಾರೇಜಿನಲ್ಲಿ ಕೈಗೆ ಸಿಕ್ಕಿದ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಬೆಸುಗೆಗೆ ಇಳಿಯುವ ಅಭ್ಯಾಸ ಕೆಲವರಿಗಿದೆ. ಕ್ಲೋರಿನ್ ಇರುವ ಅಂಥ ದ್ರಾವಕದ ಆವಿ ಆರ್ಕಿನ ಕಿರಣಕ್ಕೆ ಸಿಕ್ಕಿ ಫಾಸ್ಜೀನ್ ಎಂಬ ಮಾರಕ ವಿಷಾನಿಲವಾಗುತ್ತದೆ. ದಯವಿಟ್ಟು ಯಾರೂ ಹೀಗೆ ಮಾಡಬಾರದು.

ಕೈ ಪಳಗಿದ ಮೇಲೂ ಕೆಲವು ಕೆಲಸಗಳನ್ನು ‘ಆಗುವುದಿಲ್ಲ’ ಎಂದು ವಾಪಸು ಕಳುಹಿಸಬೇಕು. ಶಾಖದಿಂದ ಹದಗೊಳಿಸಿದ 6061 ಅಥವಾ 6063 ಲೋಹದ ಏಣಿಯ ಮೆಟ್ಟಿಲು ಮುರಿದರೆ ಬೆಸುಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದರ ಪಕ್ಕದ ಲೋಹ ಶಾಖಕ್ಕೆ ಮೆತ್ತಗಾಗಿ ಮೂಲ ಬಲದ ಹೆಚ್ಚುಕಡಿಮೆ 40%ನ್ನು ಕಳೆದುಕೊಂಡಿರುತ್ತದೆ. ಹತ್ತಿ ನಿಂತವನು ಬೀಳುವುದು ಬೆಸುಗೆ ಬಿಟ್ಟು ಅಲ್ಲ, ಅದರ ಪಕ್ಕದ ಜಾಗ ಮುರಿದು. ಅಲಾಯ್ ಚಕ್ರ, ಪ್ರೆಷರ್ ಕುಕ್ಕರ್, ತೊಳೆಯದ ಇಂಧನ ಟ್ಯಾಂಕುಗಳನ್ನೂ ನಾನು ಮುಟ್ಟುವುದಿಲ್ಲ. ಪೆಟ್ಟಿಗೆಗಳ ಮೇಲೆ ಅಲಾಯ್ ಚಕ್ರದ ಚಿತ್ರ ಹಾಕುವವರಿಗೆ ಇದು ತಿಳಿದಿರಬೇಕಿತ್ತು.

ಇಷ್ಟೆಲ್ಲ ಕೇಳಿದ ಆ ಹುಡುಗ ‘ಹಾಗಾದರೆ ನನ್ನಂಥವನಿಗೆ ದಾರಿಯೇ ಇಲ್ಲವೇ’ ಎಂದ. ಇದೆ. ನಾನು ಕೊಂಡ ಎಸಿ-ಡಿಸಿ ಯಂತ್ರ, ಪೆಡಲ್, ರೆಗ್ಯುಲೇಟರ್, ಸಿಲಿಂಡರಿನ ಠೇವಣಿ, ತಂತಿ, ಹೆಲ್ಮೆಟ್ ಎಲ್ಲ ಸೇರಿ 80,000 ರೂಪಾಯಿ ದಾಟಿತ್ತು. ಅದನ್ನು ನಮ್ಮ ಓಣಿಯ ಮೂವರು ಅಂಗಡಿಯವರು ಸಮನಾಗಿ ಹಂಚಿಕೊಂಡೆವು. ಯಂತ್ರ ನನ್ನ ಶೆಡ್ಡಿನಲ್ಲಿರುತ್ತದೆ, ಅನಿಲದ ಲೆಕ್ಕವನ್ನು ಬಾಗಿಲಿನ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಜಗಳವಾಗಿಲ್ಲವೆಂದಲ್ಲ, ಆದರೆ ಯಾರೊಬ್ಬರೂ ಒಂಟಿಯಾಗಿ ಕೊಳ್ಳಲಾಗದಿದ್ದ ಯಂತ್ರ ಮೂವರ ಮನೆ ನಡೆಸಿದೆ. ಮುಚ್ಚಿದ ಕಾರ್ಖಾನೆಗಳಿಂದ ಗುಜರಿಗೆ ಬರುವ ಹಳೆಯ ಟ್ರಾನ್ಸ್‌ಫಾರ್ಮರ್ ಟಿಗ್ ಯಂತ್ರಗಳೂ ಕೆಲವರಿಗೆ ಆಗಬಹುದು. ಅವು ಆನೆಯಂತೆ ಭಾರ, ಕರೆಂಟನ್ನೂ ಆನೆಯಂತೆಯೇ ಉಣ್ಣುತ್ತವೆ, ಎಚ್‌ಎಫ್ ಹೊತ್ತಿದಾಗ ಪಕ್ಕದ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಹುಚ್ಚುಹಿಡಿದಂತೆ ಕುಣಿಯುತ್ತದೆ. ಆದರೂ ಒಳಗೆ ಕೆಡುವಂಥದ್ದು ಹೆಚ್ಚೇನೂ ಇಲ್ಲ. ಇದೂ ಆಗದಿದ್ದರೆ, ತೆಳುವಾದ ತಗಡಿಗೆ, ಹಿರಿಯರು ಇಂದಿಗೂ ‘ಜರ್ಮನ್ ಪಾತ್ರೆ’ ಎನ್ನುವ ಅಡುಗೆಮನೆಯ ಅಲ್ಯೂಮಿನಿಯಂ ಸಾಮಾನಿಗೆ, ಗ್ಯಾಸ್ ಟಾರ್ಚು ಮತ್ತು ಫ್ಲಕ್ಸಿನ ಹಳೆಯ ವಿದ್ಯೆ ಈಗಲೂ ನಡೆಯುತ್ತದೆ. ಬೆಸುಗೆಯಾದ ಮೇಲೆ ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆಯಬೇಕು, ಇಲ್ಲದಿದ್ದರೆ ಉಳಿದ ಫ್ಲಕ್ಸು ತೇವ ಹೀರಿ ಲೋಹವನ್ನೇ ತಿನ್ನುತ್ತದೆ.

ಸಾಲದ ಲೆಕ್ಕವೂ ಹೊಸಬರಿಗೆ ತಿಳಿದಿರಲಿ. ಮುದ್ರಾ ಯೋಜನೆಯ ‘ಶಿಶು’ ವರ್ಗ 50,000 ರೂಪಾಯಿಗೆ ನಿಲ್ಲುತ್ತದೆ. ಹುಡುಗರು ಆ ಮಿತಿಯೊಳಗೆ ಸಿಗುವ ಡಿಸಿ ಯಂತ್ರ ತಂದು, ಅದರಿಂದ ಅಲ್ಯೂಮಿನಿಯಂ ಆಗದೆ, ಕಂತು ಕಟ್ಟಲು ಪರದಾಡುತ್ತಾರೆ. 5 ಲಕ್ಷದವರೆಗಿನ ‘ಕಿಶೋರ್’ ವರ್ಗಕ್ಕೆ ಸರಿಯಾದ ದರಪಟ್ಟಿಯೊಂದಿಗೆ ಅರ್ಜಿ ಹಾಕುವುದು ಅಥವಾ ಗ್ರಾಮೀಣ ಭಾಗದವರಿಗೆ 25ರಿಂದ 35%ರಷ್ಟು ಸಹಾಯಧನ ನೀಡುವ ಪ್ರಧಾನಮಂತ್ರಿ ಉದ್ಯೋಗಸೃಜನ ಕಾರ್ಯಕ್ರಮವನ್ನು ನೋಡುವುದು ಉತ್ತಮ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ, ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ ನೆರವಾಗುವ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರರಿದ್ದಾರೆ, ಬೀಗ ಮಾಡುವವರಿದ್ದಾರೆ, ಬೆಸುಗೆಗಾರರ ಹೆಸರಿಲ್ಲ. ಇಂದಿನ ಹಳ್ಳಿಯಲ್ಲಿ ನೇಗಿಲು ಮುರಿದರೆ ಜನ ಕುಲುಮೆಗಿಂತ ಹೆಚ್ಚಾಗಿ ವೆಲ್ಡಿಂಗ್ ಅಂಗಡಿಗೇ ಹೋಗುತ್ತಾರೆ ಎಂಬುದನ್ನು ಯೋಜನೆ ರೂಪಿಸಿದವರು ಗಮನಿಸಬೇಕಿತ್ತು.

ನನ್ನ ಕೋರಿಕೆಗಳು ಎರಡು. ಯಂತ್ರ ಮಾರುವವರು ಪೆಟ್ಟಿಗೆಯ ಮೇಲೆ ‘ಅಲ್ಯೂಮಿನಿಯಂ ಬೆಸುಗೆಗೆ ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು. ದಾರಿತಪ್ಪಿಸುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ವ್ಯಾಪಾರಕ್ಕಾಗಿ ಕೊಂಡವರು ಗ್ರಾಹಕರಲ್ಲವೆಂದು ಕಾಯ್ದೆ ಹೇಳಿದರೂ, ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗಾಗಿ ಕೊಂಡವರನ್ನು ಅದೇ ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ಮೋಸಹೋದ ಹುಡುಗರಿಗೆ ಇದು ಗೊತ್ತಿಲ್ಲ. ಎರಡನೆಯದಾಗಿ, ಸರ್ಕಾರಿ ಐಟಿಐಗಳು ಮತ್ತು 1972ರಿಂದ ರಾಜ್ಯದಲ್ಲಿ ನಡೆದುಬಂದಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳು ತಮ್ಮಲ್ಲಿರುವ ಎಸಿ ಟಿಗ್ ಯಂತ್ರಗಳನ್ನು, ತರಗತಿ ಮುಗಿದ ಮೇಲೆ ಸಂಜೆ ಎರಡು ಗಂಟೆ, ಅನಿಲದ ಖರ್ಚು ಪಡೆದು ಹೊರಗಿನ ಬೆಸುಗೆಗಾರರ ಅಭ್ಯಾಸಕ್ಕೆ ತೆರೆಯಬೇಕು. ಯಂತ್ರ ಕೊಳ್ಳುವ ಮುನ್ನವೇ 10 ಗಂಟೆ ಅಲ್ಯೂಮಿನಿಯಂ ಮೇಲೆ ಕೈಯಾಡಿಸಿದವನನ್ನು ಯಾವ ಪೆಟ್ಟಿಗೆಯ ಚಿತ್ರವೂ ಮರುಳುಮಾಡಲಾರದು.

ಆ ಹುಡುಗನ ಯಂತ್ರವನ್ನು ಅಂಗಡಿಯವರು ವಾಪಸು ಪಡೆಯಲಿಲ್ಲ. ಅವನು ಅದರಲ್ಲಿ ಎಸ್.ಎಸ್. ರೇಲಿಂಗ್ ಕೆಲಸ ಹಿಡಿದಿದ್ದಾನೆ, ಡಿಸಿ ಯಂತ್ರ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮಂಗಳವಾರ ಸಂಜೆ ಮಾತ್ರ ನಮ್ಮ ಶೆಡ್ಡಿಗೆ ಬಂದು, ಗುಜರಿಯಿಂದ ತಂದ ಹಾಲಿನ ಕ್ಯಾನಿನ ಮುಚ್ಚಳಗಳ ಮೇಲೆ ಎಸಿಯಲ್ಲಿ ಗೆರೆ ಎಳೆಯುತ್ತ ಕೂರುತ್ತಾನೆ. ಕಳೆದ ವಾರದ ಗೆರೆಯಲ್ಲಿ ಕೊನೆಯ ಗುಳಿ ಇನ್ನೂ ಬಿರುಕುಬಿಡುತ್ತಿತ್ತು; ಪೆಡಲ್ ಮೇಲಿನ ಪಾದವನ್ನು ಅವನು ಬೇಗ ಎತ್ತುತ್ತಾನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಬೆಸುಗೆಗಾರ, ಉದ್ಯಮಬಾಗ, ಬೆಳಗಾವಿ